ಮಕ್ಕಳ ಮೂತ್ರಾಶಯದ ಅಳತೆಗೆ ‘ಗಾತ್ರ’ ಸರಿಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ.

ರಾಯಚೂರಿನ ಮಕ್ಕಳ ವಾರ್ಡಿಗೆ ಬರುವ ತಂದೆತಾಯಿಗಳಿಗಾಗಿ ಒಂದು ಪುಟದ ಕರಪತ್ರ ಸಿದ್ಧಪಡಿಸುತ್ತಿದ್ದೇವೆ. ಮಗುವಿನ ಮೂತ್ರಾಶಯದಲ್ಲಿ ಎಷ್ಟು ಮೂತ್ರವಿದೆ ಎಂದು ಹಾಸಿಗೆಯ ಬಳಿಗೇ ತರುವ ಚಿಕ್ಕ ಅಲ್ಟ್ರಾಸೌಂಡ್ ಯಂತ್ರದಿಂದ ಅಳೆಯುವ ಬಗ್ಗೆ ಅದು. ಕಿಬ್ಬೊಟ್ಟೆಗೆ ಜೆಲ್ ಸವರಿ ಪ್ರೋಬ್, ಅಂದರೆ ಯಂತ್ರದ ಮೈಗೆ ತಾಗಿಸುವ ಭಾಗ, ಇಡುತ್ತಾರೆ. ಚಿತ್ರದಲ್ಲಿ ಕಾಣುವ ಮೂತ್ರಾಶಯದ ಉದ್ದ, ಅಗಲ, ಆಳಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 0.52ರಿಂದ ಗುಣಿಸಿದರೆ ಮಿಲಿಲೀಟರಿನ ಅಂದಾಜು ಸಿಗುತ್ತದೆ. ಕೆಲವು ಯಂತ್ರಗಳು ತಾವೇ ಲೆಕ್ಕ ಹಾಕಿ ತೋರಿಸುತ್ತವೆ. ನಳಿಕೆ ಹಾಕುವ ನೋವಿಲ್ಲ, ಎಕ್ಸ್‌ರೇ ಕಿರಣವಿಲ್ಲ.

ಕರಡಿನಲ್ಲಿ ‘ಮೂತ್ರಕೋಶದ ಗಾತ್ರ 180 ಮಿ.ಲೀ.’ ಎಂದಿತ್ತು. ಓದಿದ ತಾಯಿಯೊಬ್ಬರು ಗಾಬರಿಯಿಂದ, ‘ಕಿಡ್ನಿ ಊದಿಕೊಂಡಿದೆಯೇನ್ರೀ?’ ಎಂದು ಕೇಳಿದರು. ಅವರ ಭಯ ಸಹಜವೇ. ನಮ್ಮ ಕಡೆ ‘ಮೂತ್ರಕೋಶದ ಕಲ್ಲು’ ಎಂದರೆ ಕಿಡ್ನಿಯ ಕಲ್ಲು ಎಂದೇ ಅರ್ಥ. ಗಾತ್ರವೆಂದರೆ ದಪ್ಪ, ದೊಡ್ಡದು. ಎರಡೂ ಪದ ಸೇರಿ ಇಲ್ಲದ ರೋಗವೊಂದನ್ನು ಹುಟ್ಟಿಸಿದವು. ‘ಮೂತ್ರಚೀಲ’ ಎನ್ನೋಣವೆಂದರೆ ಅದನ್ನು ಮಂಚಕ್ಕೆ ತೂಗುಹಾಕುವ ಯೂರಿನ್ ಬ್ಯಾಗ್ ಎಂದುಕೊಳ್ಳುತ್ತಾರೆ. ಹಾಗಾಗಿ ಅಂಗಕ್ಕೆ ‘ಮೂತ್ರಾಶಯ’ವನ್ನೇ ಇಟ್ಟು, ಪಕ್ಕದಲ್ಲಿ ಚಿತ್ರ ಹಾಕಲಿದ್ದೇವೆ.

ನಿಜವಾದ ತೊಡಕು ಅಳತೆಯ ಪದದ್ದು. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಈಗ ತುಂಬಿರುವುದು ಎಷ್ಟು, ಪೂರ್ತಿ ತುಂಬಿದರೆ ಹಿಡಿಯುವುದು ಎಷ್ಟು, ಮೂತ್ರ ಮಾಡಿದ ಮೇಲೂ ಒಳಗೆ ಉಳಿದದ್ದು ಎಷ್ಟು. ಹಿಡಿಯುವುದಕ್ಕೆ ವೈದ್ಯರು ಬಳಸುವ ಸರಳ ಲೆಕ್ಕವಿದೆ: 4ರಿಂದ 12 ವರ್ಷದವರಿಗೆ ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸುವುದು. ಆರು ವರ್ಷದ ಮಗುವಿಗೆ 210 ಮಿ.ಲೀ. ಅಂದರೆ ಆ ತಾಯಿ ಓದಿದ 180 ಆರು ವರ್ಷದ ಮಗುವಿನದಾದರೆ ಹೆದರುವಂಥದ್ದೇ ಅಲ್ಲ. ಆದರೆ ಮೂತ್ರ ಮಾಡಿ ಬಂದ ಕೂಡಲೇ ಅಳೆದಾಗ ಅದೇ 180 ಕಂಡರೆ ಮಾತು ಬೇರೆ. ಆ ವಯಸ್ಸಿಗೆ 30 ಮಿ.ಲೀ. ಮೀರಿ ಉಳಿದರೇ ಮತ್ತೊಮ್ಮೆ ಅಳೆದು ನೋಡುತ್ತಾರೆ. ಬೆನ್ನುಹುರಿಯ ಹುಟ್ಟುದೋಷವಿರುವ ಮಕ್ಕಳಲ್ಲಿ ಈ ಉಳಿಕೆ ಸೋಂಕಿಗೂ ಕಿಡ್ನಿಯ ಹಾನಿಗೂ ದಾರಿಯಾಗಬಹುದು. ಮೂರಕ್ಕೂ ‘ಗಾತ್ರ’ ಎಂದರೆ ನಡೆಯುವುದಿಲ್ಲ.

‘ಧಾರಣ ಸಾಮರ್ಥ್ಯ’ ಪುಸ್ತಕಕ್ಕೆ ಸರಿ, ಕರಪತ್ರಕ್ಕೆ ಭಾರ. ‘ಹಿಡಿತ’ ಒಲ್ಲೆ; ಮೂತ್ರದ ಹಿಡಿತ ತಪ್ಪುವುದು ಬೇರೆಯೇ ತೊಂದರೆ. ‘ಈ ಕೊಡ ಎಷ್ಟು ನೀರು ಹಿಡಿಯುತ್ತದೆ’ ಎಂದು ಎಲ್ಲರೂ ಆಡುವುದರಿಂದ ‘ಹಿಡಿಯುವಷ್ಟು’ ಎಂಬ ಕ್ರಿಯಾರೂಪವೇ ನನಗೆ ಒಪ್ಪಿಗೆ. ‘ಶೇಷ ಮೂತ್ರ’ಕ್ಕಿಂತ ‘ಉಳಿದ ಮೂತ್ರ’ ಮೇಲು.

ನನ್ನ ಪ್ರಶ್ನೆ ಎರಡು. ‘ತುಂಬಿರುವಷ್ಟು, ಹಿಡಿಯುವಷ್ಟು, ಉಳಿದಷ್ಟು’ ಎಂಬ ಮೂರನ್ನೂ ಪಟ್ಟಿಯ ತಲೆಬರಹವಾಗಿ ಅಚ್ಚುಹಾಕಿದರೆ ವ್ಯಾಕರಣದ ದೃಷ್ಟಿಯಿಂದ ಆಕ್ಷೇಪವಿದೆಯೇ? ಇನ್ನೊಂದು, ಮಕ್ಕಳಿಗೆ ‘ಏಕಿ’, ದೊಡ್ಡವರಿಗೆ ‘ಕಾಲುಮಡಿ’ ಎನ್ನುವ ನಮ್ಮ ಸೀಮೆಯಲ್ಲಿ, ಪೂರ್ತಿ ಆಗದೆ ಒಳಗೇ ಉಳಿಯುವುದಕ್ಕೆ ಹಿರಿಯರು ಬಳಸುವ ಮಾತೇನು? ಸಿಂಧನೂರು, ಲಿಂಗಸುಗೂರು, ಕುಷ್ಟಗಿ ಕಡೆಯವರು ದಯವಿಟ್ಟು ತಿಳಿಸಿ.