‘ಕುರುಡು ಇಲಿ’ಗೆ ಬೆಳಕು ‘ಕಾಣುತ್ತದೆ’ ಎನ್ನಬಹುದೇ? ಜೊತೆಗೆ ‘ಹೊತ್ತು’ ಪದದ ಬಗ್ಗೆ

ಡೊಂಬಿವಲಿಯ ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಗೆ ವಿಜ್ಞಾನ ಲೇಖನವೊಂದನ್ನು ಬರೆಯಲು ಹೊರಟು ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಕುರುಡು ಇಲಿಗಳಿಗೂ ಬೆಳಕು ಕಾಣುತ್ತದೆ’ ಎಂದು ಬರೆದೆ. ಓದಿದ ಹೆಂಡತಿ, ‘ಕಾಣುವುದಾದರೆ ಅವು ಕುರುಡು ಹೇಗಾದವು?’ ಎಂದಳು.

ವಿಷಯ ಇಷ್ಟು. ಕಣ್ಣಿನ ಒಳಪರದೆಯಾದ ಅಕ್ಷಿಪಟಲದಲ್ಲಿ ನೋಟಕ್ಕೆ ಬೇಕಾದ ದಂಡಕೋಶ, ಶಂಕುಕೋಶ ಎರಡೂ ಇಲ್ಲದ ಇಲಿಗಳ ದೇಹದ ಒಳಗಡಿಯಾರವೂ ಹಗಲಿರುಳಿಗೆ ಹೊಂದಿಕೊಳ್ಳುತ್ತದೆ ಎಂದು ವಿಜ್ಞಾನಿ ರಸೆಲ್ ಫಾಸ್ಟರ್ ಅವರ ತಂಡ 1999ರಲ್ಲಿ ತೋರಿಸಿತು. ಕಣ್ಣುಗಳನ್ನೇ ತೆಗೆದರೆ ಆ ಹೊಂದಿಕೆ ತಪ್ಪುತ್ತದೆ. ಅಂದರೆ ಕಣ್ಣಿನಲ್ಲೇ ಬೇರೇನೋ ಇತ್ತು. 2002ರಲ್ಲಿ ಅದು ಸಿಕ್ಕಿತು: ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ನರಕೋಶಗಳಲ್ಲಿ ಕೆಲವು, ಮೆಲನಾಪ್ಸಿನ್ ಎಂಬ ವರ್ಣಕದ ಬಲದಿಂದ, ತಾವೇ ಬೆಳಕನ್ನು ಹಿಡಿಯುತ್ತವೆ, ಅದರಲ್ಲೂ ನೀಲಿ ಬೆಳಕನ್ನು. (ಈ ವರ್ಣಕ ಮೊದಲು ಪತ್ತೆಯಾದದ್ದು ಕಪ್ಪೆಯ ಚರ್ಮದಲ್ಲಿ!) ಬೆಳಗಾಯಿತೇ, ಕತ್ತಲಾಯಿತೇ ಎಂಬ ಸುದ್ದಿಯನ್ನು ಮಿದುಳಿನ ಗಡಿಯಾರಕ್ಕೆ ಮುಟ್ಟಿಸುವುದು ಇವುಗಳ ಮುಖ್ಯ ಕೆಲಸ.

ಹಾಗಾಗಿ ‘ಕಾಣುತ್ತದೆ’ ಹೊಂದುವುದಿಲ್ಲ. ‘ಗ್ರಹಿಸುತ್ತವೆ’ ಸರಿ, ಆದರೆ ಪಠ್ಯಪುಸ್ತಕದ ವಾಸನೆ. ‘ಅರಿಯುತ್ತವೆ’ ಎಂದರೆ ಇಲಿಗೆ ಜ್ಞಾನೋದಯವಾದಂತಿದೆ. ‘ಇರುಳುಗುರುಡು’ ಇರುವಂತೆ ‘ನೋಟಗುರುಡು’ ಎಂದು ಕಟ್ಟಬಹುದೇ, ನೋಟದ ಮಟ್ಟಿಗೆ ಕುರುಡು ಎಂಬ ಅರ್ಥದಲ್ಲಿ?

ಒಳಗಡಿಯಾರದ ಈ ದಿನದ ಲಯಕ್ಕೆ ಇಂಗ್ಲಿಷಿನಲ್ಲಿರುವ ‘ಸರ್ಕೇಡಿಯನ್’ ಎಂಬ ಪದ ಇನ್ನೊಂದು ತೊಡಕು. ಲ್ಯಾಟಿನ್ನಿನ ‘ಸುಮಾರು’ ಮತ್ತು ‘ದಿನ’ ಸೇರಿಸಿ ಫ್ರಾಂಜ್ ಹಾಲ್ಬರ್ಗ್ 1959ರಲ್ಲಿ ಕಟ್ಟಿದ ಪದ. ಸದಾ ಕತ್ತಲಲ್ಲಿಟ್ಟ ಇಲಿಯ ‘ದಿನ’ ಸಾಮಾನ್ಯವಾಗಿ 24 ಗಂಟೆಗಿಂತ ತುಸು ಚಿಕ್ಕದು. ಅದನ್ನು ದಿನದಿನವೂ ತಿದ್ದುವುದು ಬೆಳಕು. ನಮ್ಮ ‘ದೈನಿಕ ಲಯ’ದಲ್ಲಿ ಆ ‘ಸುಮಾರು’ ಎಲ್ಲೋ ಬಿದ್ದುಹೋಗಿದೆ.

ನೆರೆಮನೆಯ ಹಿರಿಯರು, ಹೋಟೆಲಿನಲ್ಲಿ ದುಡಿಯುತ್ತ ಇಲ್ಲಿನ ರಾತ್ರಿ ಶಾಲೆಯಲ್ಲಿ ಕನ್ನಡ ಓದಿದವರು, ಎಲ್ಲವನ್ನೂ ಕೇಳಿ, ‘ಇಲಿಗೆ ಪೊರ್ತು ಗೊತ್ತಾಗುತ್ತದೆ ಎಂದು ಬರೆಯಿರಿ ಮಾರಾಯರೇ’ ಎಂದರು. ತುಳುವಿನ ಪೊರ್ತು, ಹಳಗನ್ನಡದ ಪೊೞ್ತು, ನಮ್ಮ ಹೊತ್ತು. ಸಮಯವೂ ಅದೇ, ಸೂರ್ಯನೂ ಅದೇ. ಹೊತ್ತು ಹುಟ್ಟುತ್ತದೆ, ಹೊತ್ತು ಮುಳುಗುತ್ತದೆ. ಇಲ್ಲಿನ ಮರಾಠಿಯಲ್ಲಿಯೂ ‘ದಿವಸ್ ಮಾವಳಲಾ’ ಎಂದರೆ ಮುಳುಗಿದ್ದು ಸೂರ್ಯ. ಬೆಳಕು ಬರೀ ಸಮಯವಾಗಿಯೇ ತಲುಪುವ ಆ ಇಲಿಗೆ ಇದಕ್ಕಿಂತ ಒಪ್ಪುವ ಪದ ನನಗಂತೂ ತೋಚುತ್ತಿಲ್ಲ.

ಬಲ್ಲವರು ತಿಳಿಸಬೇಕು: ‘ಹೊತ್ತರಿವು’ ಎಂಬ ಪದ ಎಲ್ಲಿಯಾದರೂ ಬಳಕೆಯಾಗಿದೆಯೇ? ‘ಹೊತ್ತುಗೊತ್ತಿಲ್ಲದೆ’ ಎನ್ನುವಾಗ ‘ಗೊತ್ತು’ ಅರಿವೋ, ಗೊತ್ತುಪಡಿಸಿದ ನೆಲೆಯೋ? ಅರಿವು ಎಂದಾದರೆ ನನ್ನ ಕೆಲಸ ಅರ್ಧ ಮುಗಿದಂತೆ. ಸದ್ಯಕ್ಕೆ ‘ನೋಟಗುರುಡು ಇಲಿಗೂ ಹೊತ್ತು ಗೊತ್ತು’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಹೆಂಡತಿಗೆ ಇನ್ನೂ ತೋರಿಸಿಲ್ಲ.