ಬೇರೆಯವರ ದುಃಖವನ್ನು ಕಥೆ ಮಾಡಬಹುದಾ?

ಅಂಕೋಲಾದವಳು:
ನಾನು ಆಗೊಮ್ಮೆ ಈಗೊಮ್ಮೆ ಕಥೆ ಬರೆಯುತ್ತೇನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಆಗ ಮಣ್ಣು ಬಿದ್ದ ರಭಸಕ್ಕೆ ಗಂಗಾವಳಿಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತ್ತು. ಅಲ್ಲಿ ಎಲ್ಲವನ್ನೂ ಕಳೆದುಕೊಂಡ ಒಬ್ಬರು ಪರಿಚಯ. ಒಂದು ಮಧ್ಯಾಹ್ನ ಬಂಗಡೆ ಹೆಚ್ಚುತ್ತಾ, ನಾನು ಕೇಳದೆಯೇ, ಆ ದಿನದ್ದೆಲ್ಲ ಹೇಳಿದರು. ಗಂಜಿ ಪಾತ್ರೆ ಇಳಿಸಲು ಬಟ್ಟೆ ಹಿಡಿದಿದ್ದರಂತೆ. ನೀರು ಹೋದ ಮೇಲೆ ನೋಡಿದರೆ ಬಟ್ಟೆ ಕೈಯಲ್ಲೇ ಇತ್ತು, ಒಲೆಯೂ ಇಲ್ಲ, ಗೋಡೆಯೂ ಇಲ್ಲ. ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಬರೆಯಬಹುದಾ? ಹೆಸರು ಬದಲಿಸಿದರೆ ಸಾಕಲ್ವಾ?

ಕಾರವಾರ ಕಡಲು:
ಸಾಕಾಗುವುದಿಲ್ಲ. ಉಳುವರೆ ಏನು ಬೆಂಗಳೂರಾ? ನಿಮ್ಮ ಈ ಬಟ್ಟೆಯ ಸಾಲು ಓದಿದರೆ ಊರಿನವರಿಗೆ ಯಾರೆಂದು ಈಗಲೇ ಗೊತ್ತಾಗುತ್ತದೆ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ವಾಪಸ್ ಬರುವಾಗ ದೋಣಿ ಮಗುಚಿತಲ್ಲ, ಅದರಲ್ಲಿ ನಮ್ಮ ಕಡೆಯವರೂ ಇದ್ದರು. ಇವತ್ತಿಗೂ ಜಾತ್ರೆ ಹತ್ತಿರ ಬಂದರೆ ಯಾರೋ ಒಬ್ಬರು ವಾಟ್ಸಾಪ್‌ನಲ್ಲಿ ಆ ಫೋಟೋಗಳನ್ನು 'ಶ್ರದ್ಧಾಂಜಲಿ' ಅಂತ ಹಾಕುತ್ತಾರೆ. ದಡದಲ್ಲಿ ಮಲಗಿಸಿದ್ದ ಫೋಟೋ! ಮನೆಯವರು ಫೋನ್ ತೆರೆದರೆ ಮೊದಲು ಅದೇ ಕಾಣುತ್ತದೆ. ಹಾಕಿದವರ ಮನಸ್ಸು ಕೆಟ್ಟದ್ದಲ್ಲ, ಆದರೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಅಂಕೋಲಾದವಳು:
ಬಟ್ಟೆ ಅಲ್ಲ, ಬೇರೆ ವಸ್ತು. ಇಲ್ಲಿ ಬದಲಿಸಿಯೇ ಹಾಕಿದ್ದೇನೆ.

ಕಾರವಾರ ಕಡಲು:
ಒಳ್ಳೆಯದು. ಆದರೂ ಅವರು ಓದಿದರೆ ಇದು ನನ್ನದೇ ಅಂತ ಅವರಿಗೆ ತಿಳಿಯದೇ ಇರುತ್ತದಾ?

ಶಿರಸಿ ಪೇಟೆ:
ಹಾಗಂತ ಯಾರೂ ಬರೆಯದಿದ್ದರೆ ಉಳಿಯುವುದು ಟಿವಿಯವರ ಶಿರೂರು ಮಾತ್ರ. ಕುಸಿತದಲ್ಲಿ ಕಾಣೆಯಾದ ಕೇರಳದ ಚಾಲಕನ ಲಾರಿಯನ್ನು ಸೆಪ್ಟೆಂಬರಿನಲ್ಲಿ ನದಿಯಿಂದ ಎತ್ತುವವರೆಗೂ ಎಲ್ಲರ ಕ್ಯಾಮೆರಾ ಅದರ ಮೇಲೇ ಇತ್ತು. ಆ ಚಾಲಕನ ಕುಟುಂಬದ ಸಂಕಟ ದೊಡ್ಡದು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ರಸ್ತೆ ಬದಿಯಲ್ಲಿ ಚಹಾ ಅಂಗಡಿ ಇಟ್ಟುಕೊಂಡಿದ್ದವರು, ಉಳುವರೆಯವರು, ಚತುಷ್ಪಥ ಹೆದ್ದಾರಿಗೆ ಗುಡ್ಡವನ್ನು ನೆಟ್ಟಗೆ ಕಡಿದಿದ್ದು, ಇವೆಲ್ಲ ಎಷ್ಟು ಜನರಿಗೆ ನೆನಪಿದೆ? ಬರೆಯಿರಿ. ಆದರೆ ಅಳು ಬರಿಸಲಿಕ್ಕೆ ಅಂತ ಬರೆಯಬೇಡಿ, ಅದನ್ನು ಟಿವಿಯವರು ಈಗಾಗಲೇ ಮಾಡಿ ಆಗಿದೆ.

ಕುಮಟಾ ವಕೀಲ:
ಕಾನೂನು ಇಲ್ಲಿ ಜಾಸ್ತಿ ಸಹಾಯ ಮಾಡುವುದಿಲ್ಲ. ಅತ್ಯಾಚಾರಕ್ಕೆ ಒಳಗಾದವರ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಡಿ ಅಪರಾಧ, ಮೊದಲು ಐಪಿಸಿ 228ಎ ಇತ್ತು. ಗುಡ್ಡ ಕುಸಿದು ಮನೆ ಹೋದವರಿಗೆ ಅಂಥ ರಕ್ಷಣೆ ಇಲ್ಲ. ಹಾಗಾಗಿ ಕೇಳಿಯೇ ಬರೆಯಬೇಕು. ಒಂದು ಸಲ 'ಹೂಂ' ಅಂದರು ಅಂತ ಸುಮ್ನೆ ಮುಂದುವರಿಯಬೇಡಿ, ಮೀನು ಹೆಚ್ಚುವಾಗ ಹೇಳಿದ್ದು ಅಚ್ಚಾಗಲಿ ಅಂತ ಹೇಳಿದ್ದಲ್ಲ. ಬರೆದದ್ದನ್ನು ಅವರ ಎದುರು ಓದಿ. ಬೇಡ ಅಂದ ಸಾಲು ಯಾಕೆ ಬೇಡ ಅಂತ ಕೇಳದೆ ತೆಗೆಯಿರಿ.

ಅಂಕೋಲಾದವಳು:
ಸರಿ. ಈಗ ಬೇಡ, ಮಳೆ ಜೋರಾದರೆ ಅವರು ಮಾತೇ ಆಡುವುದಿಲ್ಲ. ದೀಪಾವಳಿ ಕಳೆದ ಮೇಲೆ ಹೋಗಿ ಓದುತ್ತೇನೆ. ಅವರ ಮನೆಯ ಭಾಗ ಬೇಡ ಅಂದರೆ ಅಷ್ಟನ್ನೂ ಹರಿದು ಹಾಕುತ್ತೇನೆ. ಗುಡ್ಡ ಕಡಿದ ಭಾಗ ಮಾತ್ರ ಯಾರು ಬೇಡ ಅಂದರೂ ಇರುತ್ತದೆ.