ಹಾಲೆ ಮರದ ಕೆತ್ತೆ (ತೊಗಟೆ) ಕಷಾಯದಿಂದ ಮಲೇರಿಯಾ ಹೋಗುತ್ತಾ?

ಬದಿಯಡ್ಕದಿಂದ ಪ್ರಶ್ನೆ:
ನನ್ನ ತಮ್ಮ ಮಂಗಳೂರಲ್ಲಿ ಕಟ್ಟಡ ಕೆಲಸಕ್ಕೆ ಹೋಗುವವನು. ಜ್ವರ ಅಂತ ಊರಿಗೆ ಬಂದ, ರಕ್ತ ಪರೀಕ್ಷೆ ಮಾಡಿಸಿದರೆ ವೈವಾಕ್ಸ್ ಮಲೇರಿಯಾ. ಮಾತ್ರೆ ಶುರುವಾಗಿದೆ. ಆದರೆ ದೊಡ್ಡಮ್ಮ ಹಾಲೆ ಕೆತ್ತೆ ಜಜ್ಜಿ, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲು ಮುಳುಗಿಸಿ ಕಷಾಯ ಕೊಡ್ತಿದ್ದಾರೆ. ಆಟಿ ಅಮಾವಾಸ್ಯೆಗೆ ಕುಡಿಯುತ್ತೇವಲ್ವಾ, ಅದೇ. ‘ಜ್ವರ ಬಿಟ್ಟಿತಲ್ಲ, ಇನ್ನು ಮಾತ್ರೆ ಯಾಕೆ’ ಅಂತಾರೆ. ಇದನ್ನು ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿದ್ದಾರಾ?

ಕುಂಬಳೆಯಿಂದ ಉತ್ತರ:
ಈ ಕಷಾಯವನ್ನಲ್ಲ, ಹಾಲೆ ಕೆತ್ತೆ ಇರುವ ಒಂದು ಆಯುರ್ವೇದ ಮಾತ್ರೆಯನ್ನು ಪರೀಕ್ಷೆ ಮಾಡಿದ್ದಾರೆ. ಆಯುಷ್-64 ಕೇಳಿರಬೇಕು, ಕೊರೋನಾ ಸಮಯದಲ್ಲಿ ಹೆಸರು ಬಂತು, ಆದರೆ ಅದು ಮೊದಲು ತಯಾರಾದದ್ದು ಮಲೇರಿಯಾಕ್ಕೆ. ಅದರಲ್ಲಿ ಹಾಲೆ ಕೆತ್ತೆ ಇದೆ, ಗಜ್ಜುಗ, ಕಟುಕರೋಹಿಣಿ ಎಲ್ಲ ಇದೆ. ವೈವಾಕ್ಸ್ ರೋಗಿಗಳಲ್ಲಿ ಕೆಲವರಿಗೆ ಅದನ್ನು, ಕೆಲವರಿಗೆ ಮಲೇರಿಯಾದ ಇಂಗ್ಲಿಷ್ ಮಾತ್ರೆ ಕ್ಲೋರೋಕ್ವಿನ್ ಕೊಟ್ಟು 28 ದಿನ ನೋಡಿದರು. ಕ್ಲೋರೋಕ್ವಿನ್ ತಗೊಂಡವರೆಲ್ಲ ಗುಣವಾದರು, ಆಯುಷ್-64 ತಗೊಂಡವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ. ಉಳಿದ ಅರ್ಧದಲ್ಲಿ ನಿಮ್ಮ ತಮ್ಮ ಇದ್ದರೆ?
ಇನ್ನೊಂದು, ವೈವಾಕ್ಸ್ ಜ್ವರ ದಿನ ಬಿಟ್ಟು ದಿನ ಬರುತ್ತದೆ, ನಡುವೆ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ಏನು ಕುಡಿದಿದ್ದರೂ ಅದೇ ಗುಣ ಮಾಡಿತು ಅನಿಸುತ್ತದೆ. ಅದಕ್ಕೇ ಪರೀಕ್ಷೆ ಮಾಡುವವರು ಜ್ವರ ಮಾತ್ರ ನೋಡೋದಿಲ್ಲ, ರಕ್ತದ ಸ್ಲೈಡಿನಲ್ಲಿ ರೋಗಾಣು ಉಳಿದಿದೆಯಾ ಅಂತ ನೋಡ್ತಾರೆ.

ಮಂಜೇಶ್ವರದಿಂದ ಉತ್ತರ:
ಹಾಗಂತ ಸೊಪ್ಪು ಬೇರು ಎಲ್ಲ ಸುಮ್ನೆ ಅನ್ನಬೇಡಿ. ಚೀನಾದ ವಿಜ್ಞಾನಿ ತು ಯುಯು ಹಳೆಯ ವೈದ್ಯ ಗ್ರಂಥ ಓದಿಯೇ ಆರ್ಟೆಮಿಸಿನಿನ್ ಅನ್ನುವ, ಗಿಡದಿಂದ ತೆಗೆಯುವ ಮಲೇರಿಯಾ ಔಷಧದ ಕಡೆಗೆ ಹೋದದ್ದು. ಆ ಗ್ರಂಥದಲ್ಲಿ ಆ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಅಂತ ಇತ್ತು, ಕುದಿಸಿ ಅಂತ ಇರಲಿಲ್ಲ. ಶಾಖದಿಂದ ಗುಣ ಕೆಡುತ್ತಿರಬಹುದು ಅಂತ ಅವರಿಗೆ ಹೊಳೆದು, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. 1971ರಲ್ಲಿ ಇಲಿಗಳಲ್ಲಿ ಪೂರ್ತಿ ಕೆಲಸ ಮಾಡಿತು, 2015ರಲ್ಲಿ ನೊಬೆಲ್ ಬಂತು. ನಮ್ಮ ಹಾಲೆಗೂ ಅಷ್ಟೇ ತಾಳ್ಮೆಯಿಂದ ಯಾರಾದರೂ ಕೆಲಸ ಮಾಡಬೇಕು ಅಂತ ನನಗೆ ನಿಜಕ್ಕೂ ಆಸೆ. ಆದರೆ ಅದರ ಪರೀಕ್ಷೆ ಮನೆಯ ರೋಗಿಯ ಮೇಲೆ ಬೇಡ.

ಬದಿಯಡ್ಕ:
ಥ್ಯಾಂಕ್ಸ್. ಮೂರು ದಿನದ ಮಾತ್ರೆ ಮುಗಿದಿದೆ, ಇನ್ನೊಂದು 14 ದಿನಕ್ಕೆ ಕೊಟ್ಟಿದ್ದಾರೆ. ಅದನ್ನು ಬಿಟ್ಟರೆ ಏನಾಗುತ್ತದೆ?

ಕುಂಬಳೆ:
ಅದು ಪ್ರೈಮಾಕ್ವಿನ್ ಇರಬೇಕು, ಬಿಡಲೇಬೇಡಿ. ವೈವಾಕ್ಸ್ ಲಿವರಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಜ್ವರ ತರುತ್ತದೆ, ಆ ಮಾತ್ರೆ ಇರುವುದೇ ಅದನ್ನು ಕೊಲ್ಲಲು. ಮೂತ್ರ ಕಪ್ಪಗಾದರೆ ಮಾತ್ರ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಕಷಾಯದ ವಿಷಯ ಡಾಕ್ಟರಿಗೆ ಹೇಳಿ. ಕೆತ್ತೆ ಯಾರು ತಂದರು ಅಂತಲೂ ದೊಡ್ಡಮ್ಮನ ಹತ್ತಿರ ಕೇಳಿ, ಹಾಲೆ ಅಂತ ಕಾಸರಕದ ಕೆತ್ತೆ ತಂದರೆ ವಿಷ.